ಬ್ಯಾರನ್ನಿನಲ್ಲಿ ಒಣಗಿದ ಮುಖ

ಹಸಿ ಮಣ್ಣಿನಲ್ಲಿ ಮಾಡಿದ ಗೊಂಬೆ ಒಣಗಿದೆಯೋ ಇಲ್ಲವೋ ತಿಳಿಯಬೇಕಾದರೆ ಅದನ್ನು ಕೆನ್ನೆಗೆ ಒತ್ತಿ ನೋಡಬೇಕು. ಕೈಗೆ ಗೊತ್ತಾಗುವುದಿಲ್ಲ, ಕೈ ಮೋಸ ಹೋಗುತ್ತದೆ. ಕೆನ್ನೆಗೆ ತಣ್ಣಗೆ ಹತ್ತಿದರೆ ಒಳಗೆ ಇನ್ನೂ ನೀರಿದೆ ಎಂದರ್ಥ, ಅಂಥದ್ದನ್ನು ಸುಡುವ ಗೂಡಿಗೆ ಇಡಬಾರದು. ಹಾಸನದ ಬೇಸಿಗೆ ಶಿಬಿರದ ಮೊದಲ ವಾರದಲ್ಲೇ ಮೇಷ್ಟ್ರು ಇದನ್ನು ಹೇಳಿಕೊಟ್ಟಿದ್ದರು. ಕೊನೆಯ ವಾರ ನಾನು ಮಾಡಿದ ಗರುಡ ನನ್ನ ಕೆನ್ನೆಗೆ ತಣ್ಣಗೆ ಹತ್ತಿತು. "ಒಣಗಿದೆಯಾ ಮೇಡಂ?" ಎಂದು ಮೇಷ್ಟ್ರು ಕೇಳಿದರು. "ಒಣಗಿದೆ ಸಾರ್" ಅಂದುಬಿಟ್ಟೆ.

ಯಾಕೆ ಅಂದೆ ಎಂದರೆ, ಶಿಬಿರ ಮುಗಿಯಲು ಮೂರೇ ದಿನ ಉಳಿದಿತ್ತು. ಗೂಡು ಹೊತ್ತಿಸುವುದು ಒಂದೇ ಸಲ. ನನ್ನದು ಹೊರಗುಳಿಯಬಾರದು ಎಂಬ ಆಸೆಬುರುಕತನ, ಅಷ್ಟೇ. ಅದಕ್ಕೆ ಬೇರೆ ಹೆಸರಿಲ್ಲ.

ಅದು ತೊಂಬತ್ತರ ದಶಕದ ಕೊನೆಯ ಒಂದು ಏಪ್ರಿಲ್. ಹಾಸನದ ಹೊರಗೆ ಮುಚ್ಚಿಹೋಗಿದ್ದ ಒಂದು ಹಂಚಿನ ಕಾರ್ಖಾನೆಯ ಶೆಡ್ಡಿನಲ್ಲಿ ನಾವು ಒಂಬತ್ತು ಜನ ಮಣ್ಣಿನ ಕೆಲಸ ಕಲಿಯುತ್ತಿದ್ದೆವು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದ ನಾನು ಹೊಳೆನರಸೀಪುರದಿಂದ ಮೊದಲನೇ ಬಸ್ಸು ಹಿಡಿದು ಬರುತ್ತಿದ್ದೆ. ಕೊರವಂಗಲದ ಕಡೆಯ ಕೆರೆಯಿಂದ ತಂದ ಜೇಡಿಮಣ್ಣು ತೊಟ್ಟಿಯಲ್ಲಿ ನೆನೆಯುತ್ತಿತ್ತು. ಅದನ್ನು ಸೋಸಿ, ಒಡೆದ ಮಡಕೆಯ ಬೋಕಿ ಕುಟ್ಟಿ ಪುಡಿ ಬೆರೆಸಿ, ಕಾಲಲ್ಲಿ ತುಳಿದು, ಕೈಯಲ್ಲಿ ನಾದಿ, ಆಮೇಲೆ ತಿಗರಿಯ ಮುಂದೆ ಕೂರುವುದು. ತಿಗರಿ ತಿರುಗುವಾಗ ಹಂಚಿನ ಸಂದಿಯಿಂದ ಇಳಿದ ಬಿಸಿಲಕೋಲು ನಿಧಾನವಾಗಿ ಶೆಡ್ಡಿನ ಆ ಗೋಡೆಯಿಂದ ಈ ಗೋಡೆಗೆ ಬರುತ್ತಿತ್ತು. ಅಷ್ಟರಲ್ಲಿ ಸಂಜೆಯಾಗಿರುತ್ತಿತ್ತು. ಊಟ ಮಾಡಿದೆನಾ ಇಲ್ಲವಾ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದ ದಿನಗಳಿವೆ. ಮನೆಯಲ್ಲಿ ಮಲಗಿದರೆ ಅಂಗೈ ಕೆಳಗೆ ಏನೋ ತಿರುಗುತ್ತಿರುವ ಹಾಗೇ ಇರುತ್ತಿತ್ತು.

ಕನಸು ಹಾಗಿದ್ದರೂ ಕೆಲಸ ಮಾತ್ರ ನೆಟ್ಟಗೆ ಬರುತ್ತಿರಲಿಲ್ಲ. ಅದಕ್ಕೆ ಕಾರಣ ನಮ್ಮ ಮನೆ. ನಮ್ಮದು ದೇವಸ್ಥಾನದ ಬೀದಿ, ಅಪ್ಪ ಅರ್ಚಕರು. ಅನ್ನದ ಪಾತ್ರೆ ಮುಟ್ಟಿದರೆ ಮುಸುರೆ, ಇನ್ನೊಂದನ್ನು ಮುಟ್ಟುವ ಮೊದಲು ಕೈಗೆ ನೀರು ಸೋಕಿಸಬೇಕು. ಹುಟ್ಟಿದಾಗಿನಿಂದ ಬಂದ ಅಭ್ಯಾಸ, ಕೈಗೆ ತಾನಾಗಿ ಬರುತ್ತದೆ. ಮಣ್ಣನ್ನು ಒಂದು ಸಲ ಒತ್ತುವುದು, ಪಕ್ಕದ ಬೋಗುಣಿಗೆ ಬೆರಳದ್ದುವುದು. ಮತ್ತೆ ಒತ್ತುವುದು, ಮತ್ತೆ ಅದ್ದುವುದು. ನನ್ನ ಮಡಕೆಗಳು ಅರ್ಧ ಗಂಟೆಯಲ್ಲಿ ಸೊಂಟ ಬಿದ್ದು ಕೂರುತ್ತಿದ್ದವು. ಮೇಷ್ಟ್ರು ಎರಡು ದಿನ ನೋಡಿದರು. ಮೂರನೇ ದಿನ, "ಮೇಡಂ, ಮಣ್ಣೇನು ಮುಸುರೆನಾ?" ಎಂದರು. ಇಡೀ ಶೆಡ್ಡು ನಕ್ಕಿತು.

ಎಲ್ಲರಿಗಿಂತ ಜೋರಾಗಿ ನಕ್ಕವಳು ಅರಕಲಗೂಡು ಕಡೆಯ ಒಂದು ಹಳ್ಳಿಯ ಅಂಗನವಾಡಿ ಟೀಚರ್. "ನಮ್ಮನೇಲಿ ಕೈ ತೊಳ್ಯೋದು ಉಂಡ್ಮೇಲೆ ಮಾತ್ರ ಕಣ್ ಮೇಡಮ್ಮೋರೆ" ಎಂದಳು. ಅವಳನ್ನು ಇಲ್ಲಿ ಗೆಳತಿ ಎಂದೇ ಕರೆಯುತ್ತೇನೆ. ಅಂಗನವಾಡಿ ಮಕ್ಕಳಿಗೆ ಬೊಂಬೆ ಮಾಡುವುದನ್ನು ಕಲಿಸುತ್ತಾರೆ ಎಂದುಕೊಂಡು ತಪ್ಪಿ ಬಂದವಳು ಅವಳು. ಬಂದಮೇಲೆ ವಾಪಸ್ಸು ಹೋಗಲಿಲ್ಲ. ನನ್ನ ಓರಗೆಯವಳು. ವಾರದಲ್ಲಿ ನಾನು ಅವಳನ್ನು ನೀನು ಅನ್ನತೊಡಗಿದೆ, ಅವಳು ಮಾತ್ರ ಮೇಡಮ್ಮೋರೆಯನ್ನೂ ನೀವು ಎಂಬುದನ್ನೂ ಬಿಡಲಿಲ್ಲ.

ಶಿಬಿರದ ಎರಡನೇ ಭಾಗದಲ್ಲಿ ಮೇಷ್ಟ್ರು ಶಿಲ್ಪಕ್ಕೆ ಕೈಹಾಕಿಸಿದರು. ನಾನು ನಮ್ಮ ಬೀದಿಯ ಗರುಡನನ್ನು ಆರಿಸಿಕೊಂಡೆ. ಗೆಳತಿ ತನ್ನ ಅವ್ವನ ತಲೆ ಮಾಡುತ್ತೇನೆ ಅಂದಳು. ಅವ್ವ ತೀರಿಕೊಂಡು ನಾಲ್ಕು ವರ್ಷವಾಗಿತ್ತು. "ಫೋಟೋ ತಂದು ಎದುರಿಗೆ ಇಟ್ಟುಕೊಳ್ಳಿ" ಎಂದರು ಮೇಷ್ಟ್ರು.

"ಫೋಟೋ ಇಲ್ಲ ಸಾ. ನನ್ ಮದ್ವೇಲಿ ಒಂದು ತೆಗ್ದಿದ್ರು. ಅದೇ ಒತ್ಗೆ ಯಾವ್ದೋ ಮಗ ಅತ್ತು ಅಂತ ಅವ್ವ ಇಂದಕ್ಕೆ ತಿರುಗ್ಬುಟ್ಲು. ಫೋಟೋದಾಗೆ ತುರುಬು ಬಿದ್ದೈತೆ, ಮುಖ ಇಲ್ಲ."

ಹಾಗೆಂದವಳು ಮಣ್ಣನ್ನು ಉದ್ದ ಹೊಸೆದು, ಸುರುಳಿಯ ಮೇಲೆ ಸುರುಳಿ ಸುತ್ತಿ, ಒಳಗೆ ಪೊಳ್ಳು ಬಿಟ್ಟು ತಲೆಯನ್ನು ಎಬ್ಬಿಸಿದಳು. ಹತ್ತು ದಿನಕ್ಕೆ ಒಂದು ಹೆಂಗಸಿನ ಮುಖ ಬಂದು ನಮ್ಮ ನಡುವೆ ಕೂತಿತು. ತುಟಿ ಒಂದು ಕಡೆಗೆ ಕೊಂಚ ಎಳೆದುಕೊಂಡಿತ್ತು, ಏನೋ ಹೇಳಲು ಹೋಗಿ ಬೇಡ ಬಿಡು ಎಂದುಕೊಂಡವರ ಹಾಗೆ. ಮೇಷ್ಟ್ರು ಬಂದು ನಿಂತು ನೋಡಿದರು, ಎಲ್ಲೂ ಕೈಯಿಟ್ಟು ತಿದ್ದಲಿಲ್ಲ.

ನನ್ನ ಗರುಡನ ಎದೆ ಮಾತ್ರ ಗಟ್ಟಿ ಮುದ್ದೆ. ಪೊಳ್ಳು ಮಾಡುವಷ್ಟು ತಾಳ್ಮೆ ನನಗಿರಲಿಲ್ಲ. ಅದು ಸಾಲದೆಂಬಂತೆ, ಪ್ರತಿ ಸಂಜೆ ಬಸ್ಸಿಗೆ ಹೊರಡುವ ಮುಂಚೆ ಅವನನ್ನು ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿಡುತ್ತಿದ್ದೆ, ಮನೆಯಲ್ಲಿ ಒಲೆಕಟ್ಟೆ ಒರೆಸಿ ಏಳುವ ಹಾಗೆ. ಯಾರು ಹೇಳಿದ್ದರೋ! ಮೇಲ್ಮೈ ಒಣಗಿ ಬೆಳ್ಳಗಾಗುತ್ತಿತ್ತು, ನಾನು ಕುಡಿಸಿದ ನೀರೆಲ್ಲ ಎದೆಯೊಳಗೆ ಇಳಿಯುತ್ತಿತ್ತು.

ಗೂಡು ಹೊತ್ತಿಸಿ ಮೂರು ಗಂಟೆ ಕಳೆದಿರಬಹುದು. ಒಳಗಿನಿಂದ ಡಬ್ಬೆಂದು ಒಂದು ಸದ್ದು ಬಂತು. ಭಾರವಾದ ಬಾಗಿಲನ್ನು ಯಾರೋ ಗಾಳಿಗೆ ಬಿಟ್ಟ ಹಾಗೆ. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಗೂಡು ಆರಿ, ಬಾಯಿ ತೆಗೆದಾಗ ಗರುಡ ಇರಲಿಲ್ಲ. ಒಳಗಿನ ನೀರು ಆವಿಯಾಗಿ, ಹೊರಗೆ ಬರಲು ದಾರಿಯಿಲ್ಲದೆ ಅವನನ್ನೇ ಸಿಡಿಸಿತ್ತು. "ಗರುಡ ಹಾರೇಬಿಟ್ಟ" ಎಂದು ಯಾರೋ ಅಂದರು, ನಗು ಬರಲಿಲ್ಲ. ಪಕ್ಕದಲ್ಲಿಟ್ಟಿದ್ದ ಅವ್ವನ ಮುಖಕ್ಕೆ ಅವನ ಎದೆಯ ಚೂರುಗಳು ಬಡಿದಿದ್ದವು. ತುರುಬು ಮಾತ್ರ ಉಳಿದಿತ್ತು. ಫೋಟೋದಲ್ಲೂ ಅದೇ, ಇಲ್ಲೂ ಅದೇ.

ಸುಳ್ಳು ಹೇಳಿದ್ದು ನಾನೇ ಎಂದು ಅಲ್ಲೇ ಒಪ್ಪಿಕೊಂಡೆ. ಗೆಳತಿ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಬುಡಿ ಮೇಡಂ" ಅಂದಳು. ಮೇಡಮ್ಮೋರೆ ಹೋಗಿ ಮೇಡಂ ಆಗಿತ್ತು. ಚೀಲ ತಗೊಂಡು ಅರಕಲಗೂಡು ಬಸ್ಸು ಹತ್ತಿದಳು.

ಆ ವರ್ಷ ಎರಡು ಇನ್‌ಲ್ಯಾಂಡ್ ಪತ್ರ ಬರೆದೆ, ಉತ್ತರವಿಲ್ಲ. ಮರುವರ್ಷ ಮಾರ್ಚಿನಲ್ಲಿ ಮೇಷ್ಟ್ರ ಪತ್ರ ಬಂತು. ಹಾಸನದ ಶೆಡ್ಡನ್ನು ಯಾರೋ ಆಲೂಗಡ್ಡೆ ಗೋಡೌನಿಗೆ ಹಿಡಿದಿದ್ದಾರೆ, ಈ ಬೇಸಿಗೆ ಜಾಗ ಸಿಗದಿದ್ದರೆ ಶಿಬಿರ ಇಲ್ಲ ಎಂದಿದ್ದರು. ಒಂದು ಶನಿವಾರ ಬೆಳಗಿನ ಸ್ಕೂಲು ಮುಗಿಸಿ ನಾನು ನೇರ ಅರಕಲಗೂಡಿಗೆ ಹೋದೆ. ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ನಡಿಗೆ.

ಅಂಗನವಾಡಿಯಲ್ಲಿ ಊಟವಾಗಿ ಮಕ್ಕಳು ಚಾಪೆಯ ಮೇಲೆ ಸಾಲಾಗಿ ನಿದ್ದೆ ಹೋಗಿದ್ದವು. ಕಿಟಕಿಗೆ ಹಸಿರು ಸೀರೆ ಕಟ್ಟಿದ್ದರು, ಕೋಣೆಯೆಲ್ಲ ಕೆರೆಯ ಅಡಿಯಿದ್ದಂತಿತ್ತು. ಗೆಳತಿ ಗೋಡೆಗೆ ಒರಗಿ ಒಂದು ಮಗುವಿನ ಬೆನ್ನು ತಟ್ಟುತ್ತಿದ್ದಳು. ಬಾಯಿಗೆ ಬೆರಳಿಟ್ಟು ಕೂರಲು ಸನ್ನೆ ಮಾಡಿದಳು. ಹಾಗಾಗಿ ನಮ್ಮ ಜಗಳವೆಲ್ಲ ಪಿಸುಮಾತಿನಲ್ಲೇ ನಡೆಯಿತು.

"ಇನ್ನೊಂದು ಸಲ ಮಾಡು. ಈ ಸಲ ಅದೊಂದೇ ಸುಡೋಣ. ನಾನು ಏನೂ ಮಾಡಲ್ಲ, ನಿನಗೆ ಮಣ್ಣು ತುಳೀತೀನಿ" ಅಂದೆ.

"ಇನ್ನೊಂದ್ ಸಲ ಮಾಡೋಕೆ ಅದೇನ್ ರೊಟ್ಟಿನಾ?" ಎಂದಳು. ಸ್ವಲ್ಪ ಹೊತ್ತು ತಟ್ಟುತ್ತಲೇ ಇದ್ದಳು. "ಓದ್ವರ್ಸ ಅವ್ವ ನನ್ ಕೈಲಿದ್ಲು ಮೇಡಂ. ಮಾಡಿ ಮುಗ್ಸಿದ್ಮೇಲೆ ಕೈಯಿಂದ ಓಗ್ಬುಟ್ಲು. ಈಗ ನೆನೆಸ್ಕಂಡ್ರೆ ಆ ಮಣ್ಣಿನ್ ಮುಖಾನೇ ಬತ್ತದೆ. ಅವ್ವ ಬರಾಕಿಲ್ಲ."

ನಾನು ಒಡೆದದ್ದು ಬರೀ ಬೊಂಬೆ ಎಂದುಕೊಂಡಿದ್ದೆ. ಇನ್ನು ಒಂದೆರಡು ವರ್ಷ ಹೋದರೆ ಆ ಹೆಂಗಸಿನ ಮುಖ ಮಗಳ ಪಾಲಿಗೂ ಇರುವುದಿಲ್ಲ. ಕಣ್ಣೀರು ಹಾಕಿದೆ. ಅದನ್ನು ನೋಡಿ ಅವಳಿಗೇ ಮುಜುಗರವಾಯಿತೋ ಏನೋ, "ಏಳಿ, ಮಕ್ಳು ಎದ್ದಾವು" ಎಂದು ಹೊರಗೆ ಕರೆದುಕೊಂಡು ಬಂದಳು. ಶಿಬಿರಕ್ಕೆ ಜಾಗವೇ ಇಲ್ಲ ಎಂಬುದನ್ನೂ ಹೇಳಿದೆ. ಬಸ್‌ಸ್ಟಾಪಿನ ತನಕ ಜೊತೆಗೆ ಬಂದವಳು, ಬಸ್ಸು ಕಂಡಾಗ ಅಂದಳು: "ರಾಮನಾಥಪುರದಲ್ಲಿ ನಮ್ ಬಾವುಂದು ಬ್ಯಾರನ್ ಐತೆ. ಬ್ಯಾಸ್ಗೇಲಿ ಖಾಲಿ. ಕೇಳಿ ನೋಡ್ತೀನಿ. ನಾನ್ ಮಾಡ್ತೀನಿ ಅಂತ ಏನೂ ಅಂದಿಲ್ಲ."

ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸುವ ಮನೆ. ಕಿಟಕಿಯಿಲ್ಲದ ಎತ್ತರದ ಇಟ್ಟಿಗೆ ಗೋಡೆ, ಒಳಗೆ ಸೂರಿನ ತನಕ ಅಡ್ಡಡ್ಡ ಗಳಗಳು, ನೆಲದ ಮೇಲೆ ಸುತ್ತುಬಳಸಿ ಹೋಗುವ ತಗಡಿನ ಕೊಳವೆ, ಒಲೆ ಮಾತ್ರ ಹೊರಗೆ. ಮಳೆಗಾಲದಲ್ಲಿ ಹಸಿ ಎಲೆ ಪೋಣಿಸಿ ಗಳಕ್ಕೆ ನೇತುಹಾಕಿ ಐದಾರು ದಿನ ಶಾಖ ಕೊಡುತ್ತಾರೆ. ಏಪ್ರಿಲ್‌ನಲ್ಲಿ ನಾವು ಹೋದಾಗ ಒಳಗೆ ಕತ್ತಲೂ ಹಿಂದಿನ ವರ್ಷದ ಎಲೆಯ ಸಿಹಿ ಕಮಟು ವಾಸನೆಯೂ ತುಂಬಿಕೊಂಡಿದ್ದವು. ಎದುರಿಗೆ ಹೊಂಗೆ ಮರ, ಅದರಾಚೆ ಕಾವೇರಿ. ಗೆಳತಿಯ ಗಂಡನ ಅಣ್ಣ, ಅವಳ ಭಾವ, ಮಾತು ಕಡಿಮೆಯ ಐವತ್ತರ ಮನುಷ್ಯ. ನಮ್ಮ ತಿಗರಿಗಳನ್ನೆಲ್ಲ ಇಳಿಸಿಕೊಟ್ಟು ಜಗಲಿಯ ಮೇಲೆ ಕೂತು ನೋಡಿದರು. ಈ ಸಲ ನಾವು ಆರೇ ಜನ. ಮೇಷ್ಟ್ರು ಅಂಗಳದ ಮೂಲೆಯಲ್ಲಿ ಇಟ್ಟಿಗೆಯ ಚಿಕ್ಕ ಗೂಡು ಕಟ್ಟಿಸಿದರು.

ಗೆಳತಿ ಬಂದಳು. ಬಂದು ಮಣ್ಣು ಮುಟ್ಟಿದಳು. ಆದರೆ ಮುಖ ಬರಲಿಲ್ಲ. ಸುರುಳಿ ಸುತ್ತಿ ಎಬ್ಬಿಸುವುದು, ಮೂಗು ಇಡುವುದು, ದೂರ ನಿಂತು ನೋಡುವುದು, ಮುಷ್ಟಿಯಿಂದ ಜಜ್ಜುವುದು. ಹತ್ತು ದಿನದಲ್ಲಿ ಐದು ತಲೆ ಜಜ್ಜಿದಳು. ನಾನು ಮಾತು ಕೊಟ್ಟಂತೆ ಮಣ್ಣು ತುಳಿದು ನಾದಿ ಅವಳ ಪಕ್ಕ ಇಡುತ್ತಿದ್ದೆ. ನನ್ನ ಕೆಲಸ ಅಷ್ಟೇ. ಬೋಗುಣಿ ನೀರನ್ನು ನನ್ನಿಂದ ದೂರ ಇಟ್ಟುಕೊಂಡಿದ್ದೆ.

"ಕಣ್ ಮುಚ್ಚಿದ್ರೆ ಬತ್ತಾಳೆ, ಬುಟ್ರೆ ಓಯ್ತಾಳೆ" ಎಂದಳು ಒಂದು ದಿನ.

"ಹಾಗಾದ್ರೆ ಮುಚ್ಕೊಂಡೇ ಮಾಡು ಮತ್ತೆ!" ಅಂದೆ. ರೇಗಿಯೇ ಅಂದಿದ್ದು, ನನಗೂ ಸಾಕಾಗಿತ್ತು.

ಮರುದಿನ ಮಧ್ಯಾಹ್ನ ಊಟವಾಗಿ ಎಲ್ಲರೂ ಹೊಂಗೆ ನೆರಳಿನಲ್ಲಿ ಒರಗಿದ್ದರು. ಹೂ ಉದುರುವ ಕಾಲ, ಎಲ್ಲರ ಮೈಮೇಲೂ ಹೂ. ಹೊಳೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಒಂದೇ ಸಮನೆ ಬರುತ್ತಿತ್ತು. ನನಗೆ ಜೋಂಪು ಹತ್ತಿ ಬಿಟ್ಟಾಗ ಗೆಳತಿ ಬ್ಯಾರನ್ನಿನ ಹೊಸ್ತಿಲಲ್ಲಿ ಕೂತಿದ್ದಳು. ಮುಂದೆ, ಎರಡು ಮಂಡಿಗಳ ನಡುವೆ, ಮಣ್ಣಿನ ದೊಡ್ಡ ಮುದ್ದೆ. ಸುರುಳಿಯಲ್ಲ, ಗಟ್ಟಿ ಮುದ್ದೆ. ಅವಳು ಅದರ ಹಿಂದೆ ಕೂತಿದ್ದಳು. ಅಂದರೆ ಮುಖ ಬರಬೇಕಾದ ಕಡೆ ಅವಳಿಗೆ ಕಾಣದು, ಹೊರಗಿನ ಅಂಗಳಕ್ಕೆ ಕಾಣುತ್ತದೆ. ಎರಡೂ ಕೈಗಳನ್ನು ಹಿಂದಿನಿಂದ ಮುಂದಕ್ಕೆ ಬಳಸಿ, ನೆತ್ತಿಯಿಂದ ಹಣೆಗೆ, ಹಣೆಯಿಂದ ಕೆನ್ನೆಗೆ, ಗದ್ದದ ಕೆಳಗೆ, ಮತ್ತೆ ಕಿವಿಯ ಹಿಂದೆ ಎಳೆಯುತ್ತಿದ್ದಳು. ನನಗೆ ಆ ಚಲನೆ ಎಲ್ಲೋ ನೋಡಿದಂತಿತ್ತು. ಆಮೇಲೆ ಹೊಳೆಯಿತು, ಎಣ್ಣೆ ಹಚ್ಚುವುದು! ಅವ್ವ ಕೊನೆಯ ಒಂದು ವರ್ಷ ಕೈಲಾಗದೆ ಕೂತಿದ್ದಾಗ ವಾರಕ್ಕೊಮ್ಮೆ ಹಿಂದೆ ಕೂತು ಎಣ್ಣೆ ಹಚ್ಚಿ ಎರೆಯುತ್ತಿದ್ದವಳು ಇವಳು, ಹಿಂದಿನ ವರ್ಷ ತಾನೇ ಹೇಳಿದ್ದಳು. ಎದುರಿಗೆ ಕೂತು ನೋಡಿದ ಮುಖ ಮರೆತಿತ್ತು. ಹಿಂದೆ ಕೂತು ಮುಟ್ಟಿದ ಮುಖ ಕೈಯಲ್ಲಿತ್ತು.

ನಾನು ಕದಲಲಿಲ್ಲ. ಮೇಷ್ಟ್ರೂ ಎದ್ದು ನೋಡುತ್ತಿದ್ದರು, ಅವರೂ ಕದಲಲಿಲ್ಲ. ನೆರಳು ಹೊಸ್ತಿಲು ದಾಟಿ ಒಳಗೆ ಹೋಗುವಷ್ಟರಲ್ಲಿ ನಮ್ಮ ಎದುರಿಗೆ ಒಬ್ಬಳು ಹೆಂಗಸು ಕಣ್ಣು ಅರೆಮುಚ್ಚಿ, ತಲೆಗೆ ಬಿಸಿ ಎಣ್ಣೆ ಬಿದ್ದ ಸುಖಕ್ಕೆ ಮುಖ ಸಡಿಲ ಬಿಟ್ಟುಕೊಂಡು ಕೂತಿದ್ದಳು. ಹಿಂದಿನ ವರ್ಷದ ಮುಖದ ಹಾಗಿರಲೇ ಇಲ್ಲ. ಗೆಳತಿ ಎದ್ದು ಮುಂದೆ ಬಂದು ನೋಡಿದಳು. "ಇವ್ಳು ನಮ್ಮವ್ವನಾ?" ಎಂದು ನನ್ನನ್ನೇ ಕೇಳಿದಳು. ನಾನು ಅವರನ್ನು ಕಂಡವಳಲ್ಲ. "ಚಿಕ್ಕವ್ವ ಅವ್ಳೆ, ದಂಡಿಗನಹಳ್ಳೀಲಿ. ಅವ್ವನ ಜೊತೆ ಉಟ್ಟಿದೋಳು. ಅವ್ಳು ಊಂ ಅಂದ್ರೆ ಊಂ" ಎಂದಳು.

ಇನ್ನು ಶುರುವಾಯಿತು ಪೇಚಾಟ. ಮುದ್ದೆಯೆಂದರೆ ನನ್ನ ಗರುಡನಿಗಿಂತ ದಪ್ಪ. ಮೇಷ್ಟ್ರು ತಲೆ ಕೆರೆದುಕೊಂಡು, ಇದನ್ನು ಹೀಗೇ ಸುಡುವುದು ಸಾಧ್ಯವಿಲ್ಲ, ಒಣಗಿಸಿ ಸುಡದೆಯೇ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ ಎಂದರು. "ನಮ್ಮನೆ ಸೋರ್ತದೆ ಸಾ. ಮೊದಲ್ನೇ ಮಳೇಗೆ ಅವ್ವ ಕೆಸರಾಯ್ತಾಳೆ" ಎಂದಳು ಗೆಳತಿ.

ಜಗಲಿಯಲ್ಲಿದ್ದ ಭಾವ ಎದ್ದು ಬಂದರು. ತಲೆಯ ಸುತ್ತ ಒಂದು ಸುತ್ತು ಬಂದು, "ಇದ್ರ ನರ ಎಲ್ಲೈತೆ?" ಎಂದು ಕೇಳಿದರು.

ನಮಗೆ ಅರ್ಥವಾಗಲಿಲ್ಲ.

"ಎಲೆಗೆ ನಡುವೆ ನರ ಇರ್ತದಲ್ಲ ಸಾ, ದಪ್ಪಂದು. ಎಲೆ ಒಣಗಿ ಗರಿಗರಿ ಆದ್ರೂ ನರ್ದಾಗೆ ನೀರಿರ್ತದೆ. ನರ ಒಣಗಾಕೆ ಮುಂಚೆ ಶಾಖ ಏರ್ಸಿದ್ರೆ ಸೊಪ್ಪೆಲ್ಲ ಕರ್ರಗಾಗಿ ಆಳಾಯ್ತದೆ. ನಾನು ಬ್ಯಾರನ್ ಕಾಯೋದು ಎಲೇಗಲ್ಲ, ನರಕ್ಕೆ. ಅದ್ಕೇ ಕೇಳ್ದೆ, ಇದ್ರಾಗೆ ನರ ಎಲ್ಲೈತೆ?"

ಮೇಷ್ಟ್ರು ಅವರನ್ನೇ ನೋಡಿದರು. ಆಮೇಲೆ ನಕ್ಕರು. "ತಲೆಯೇ ನರ ಸ್ವಾಮಿ. ಒಳಗಿರೋದೆಲ್ಲ ನರ" ಎಂದರು. ದಾರಿ ಒಂದೇ ಇತ್ತು. ಮಣ್ಣು ಕೊಂಚ ಬಿಗಿಯಾದಮೇಲೆ ಕಿವಿಯಿಂದ ಕಿವಿಗೆ, ನೆತ್ತಿಯ ಮೇಲಿಂದ ತಂತಿ ಎಳೆದು ತಲೆಯನ್ನು ಎರಡು ಮಾಡಬೇಕು. ಮುಖದ ಭಾಗ ಒಂದು, ತುರುಬಿನ ಭಾಗ ಒಂದು. ಒಳಗಿನದನ್ನೆಲ್ಲ ಚಮಚದಲ್ಲಿ ಕೆರೆದು ತೆಗೆದು ಹೆಬ್ಬೆರಳಿನ ದಪ್ಪಕ್ಕೆ ತರಬೇಕು. ಮತ್ತೆ ಮಣ್ಣಿನ ಗಂಜಿ ಹಚ್ಚಿ ಸೇರಿಸಬೇಕು. ಆಮೇಲೆ ಬ್ಯಾರನ್ನಿನಲ್ಲಿ ಭಾವ ಸೊಪ್ಪಿಗೆ ಕೊಡುವ ಹಾಗೆ ದಿನಕ್ಕಿಷ್ಟು ಶಾಖ ಕೊಟ್ಟು ಒಣಗಿಸಬೇಕು.

ಗೆಳತಿ ಗೂಡಿನ ಕಡೆ ತಿರುಗಿ ನಿಂತಳು. "ಅವ್ವನ ತಲೆ ಮೇಲೆ ತಂತಿ ಎಳೀಬೇಕಾ?" ಎಂದಳು. ಎರಡು ದಿನ ಹಾಗೇ ಕಳೆಯಿತು. ಮಣ್ಣು ಬಿಗಿಯಾಗುತ್ತಿತ್ತು, ಇನ್ನೊಂದು ದಿನ ಬಿಟ್ಟರೆ ತಂತಿ ಹೋಗುವುದಿಲ್ಲ. ಮೇಷ್ಟ್ರು ಮೆಲ್ಲಗೆ, ನಾನು ಕುಯ್ಯಲೇ ಎಂದು ಕೇಳಿದರು. ಅವಳು ಬೇಡ ಅಂದಳು. ಆಮೇಲೆ ನನ್ನ ಕಡೆ ನೋಡಿ, "ನೀನೇ ಕುಯ್ಯಿ. ಓದ್ಸಲಾನೂ ನೀನೇ ಅಲ್ವಾ?" ಅಂದಳು. ಹಾಗೆಂದು ಹೊಳೆಯ ಕಡೆ ನಡೆದುಬಿಟ್ಟಳು.

ಅವಳು ನನ್ನನ್ನು ನೀನು ಎಂದದ್ದು ಅದೇ ಮೊದಲು. ಆ ಮಾತು ಎದೆಗೆ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಆದರೆ ಅವಳ ಸಿಟ್ಟಿಗೆ ಕಡೆಗೂ ಬಾಯಿ ಬಂತಲ್ಲ ಎಂದು ಒಂದು ವರ್ಷದಿಂದ ಹೊತ್ತಿದ್ದ ಭಾರ ಕೊಂಚ ಇಳಿದದ್ದೂ ನಿಜ.

ಬ್ಯಾರನ್ನಿನೊಳಗೆ ನಾನೊಬ್ಬಳೇ ಕುಯ್ದೆ. ತಂತಿಯ ಎರಡು ತುದಿಯ ಕಡ್ಡಿ ಹಿಡಿದುಕೊಂಡಾಗ ಬಲಗೈ ತಾನಾಗಿ ನೀರಿನ ಬೋಗುಣಿ ಹುಡುಕಿತು. ಕೈಯನ್ನು ಸೀರೆಗೆ ಒರೆಸಿಕೊಂಡೆ. ಕಿವಿಯ ಹಿಂದಿನಿಂದ ತಂತಿ ಇಳಿಸಿದೆ. ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು, ಅದೇ ಹೆದರಿಕೆ. ತುರುಬಿನ ಭಾಗವನ್ನು ಎತ್ತಿ ಗೋಣಿಯ ಮೇಲೆ ಮಲಗಿಸಿ, ಮುಖವನ್ನು ಹತ್ತಿಯ ಸಿಂಬಿಯ ಮೇಲೆ ಬೋರಲು ಇಟ್ಟುಕೊಂಡು ಚಮಚದಿಂದ ಕೆರೆಯತೊಡಗಿದೆ. ಮೂಗಿನ ಹಿಂದೆ ಮಣ್ಣು ಹೆಚ್ಚು ದಪ್ಪ, ಅಲ್ಲಿ ಆಳಕ್ಕೆ ಹೋಗಬೇಕು. ಕಣ್ಣಿನ ಹಿಂದೆ ತೆಳು, ಅಲ್ಲಿ ಹೋಗಬಾರದು. ಹೊರಗೆ ಎಡಗೈ ಇಟ್ಟು ಮುಖ ಎಲ್ಲಿದೆ ಎಂದು ತಡವುತ್ತಾ, ಒಳಗೆ ಬಲಗೈಯಲ್ಲಿ ಕೆರೆಯುವುದು. ಬಾಗಿಲ ಸಂದಿಯ ಬೆಳಕು ಬಿಟ್ಟರೆ ಕತ್ತಲು. ಎಷ್ಟು ಹೊತ್ತು ಕೂತಿದ್ದೆನೋ, ನಾನು ಕಾಣದ ಒಬ್ಬ ಹೆಂಗಸಿನ ಮುಖದ ಒಳಗೆ ಕೂತು ಹೊರಗೆ ನೋಡುತ್ತಿರುವ ಹಾಗೆ ಅನಿಸತೊಡಗಿತು. ಭಯವಾಗಲಿಲ್ಲ. ಅಲ್ಲಿ ತುಂಬ ಶಾಂತವಾಗಿತ್ತು.

ಸೇರಿಸುವ ಹೊತ್ತಿಗೆ ಗೆಳತಿ ಬಂದು ಪಕ್ಕದಲ್ಲಿ ಕೂತಳು. ಅಂಚುಗಳನ್ನು ಕಡ್ಡಿಯಿಂದ ಗೀರಿ ಗಂಜಿ ಹಚ್ಚಿದೆವು, ಒಬ್ಬರು ಮುಖ ಹಿಡಿದು ಒಬ್ಬರು ತುರುಬು ಹಿಡಿದು ಒತ್ತಿದೆವು. ಬಿಸಿ ಗಾಳಿ ಹೊರಗೆ ಹೋಗಲು ಕತ್ತಿನ ಕೆಳಗೆ ತೂತು ಬಿಟ್ಟೆವು. ಅವಳು ಬೆರಳಲ್ಲಿ ಬೆಸುಗೆ ತೀಡಿದಳು. "ಬಾಳ ಕೆರ್ದಿಲ್ಲ ತಾನೆ?" ಎಂದಳು. "ಇಲ್ಲ" ಅಂದೆ. ಈ ಸಲ ನಿಜವನ್ನೇ ಹೇಳಿದ್ದೆ.

ಬ್ಯಾರನ್ ಈಗ ಭಾವನ ರಾಜ್ಯ. ಗಳದ ಕೆಳಗೆ, ಕೊಳವೆಯಿಂದ ದೂರಕ್ಕೆ, ಮಣೆಯ ಮೇಲೆ ತಲೆಯನ್ನಿಟ್ಟರು. ಬಾಗಿಲ ಗಾಜಿನ ಕಿಂಡಿಯ ಹತ್ತಿರ ಥರ್ಮಾಮೀಟರು ನೇತುಹಾಕಿದರು. ಮೊದಲ ಎರಡು ದಿನ ತೊಂಬತ್ತು ಫ್ಯಾರನ್‌ಹೀಟಿನ ಮೇಲೆ ಒಂದು ಡಿಗ್ರಿಯೂ ಬಿಡಲಿಲ್ಲ. ಸೊಪ್ಪಾದರೆ ಅರಿಶಿನ ಬಣ್ಣ ಬರುವ ಹೊತ್ತು ಇದು ಎಂದರು. ಮೂರನೇ ದಿನ ನೂರಹತ್ತು. ಅವತ್ತು ಸಂಜೆ ಕಿಂಡಿಯಲ್ಲಿ ನೋಡಿದ ಗೆಳತಿ ಕೂಗಿದಳು. ಬಲಗಿವಿಯ ಹಿಂದೆ, ಬೆಸುಗೆಯ ಜಾಗದಲ್ಲಿ, ಕೂದಲೆಳೆಯಷ್ಟು ಬಿರುಕು.

ಮೇಷ್ಟ್ರು ಒಲೆ ಆರಿಸಿ ಎಂದರು. "ಆರ್ಸಿದ್ರೆ ಇನ್ನೂ ಬಿಡ್ತದೆ ಸಾ" ಎಂದು ಭಾವ ನಿಧಾನಕ್ಕೆ ಎದ್ದರು. ಸೌದೆ ಹಿಂದಕ್ಕೆಳೆದರು. ಗೋಣಿಚೀಲಗಳನ್ನು ಹೊಳೆಯಲ್ಲಿ ನೆನೆಸಿ ತರಿಸಿ ಒಳಗೆ ಗಳಗಳಿಗೆ ನೇತುಹಾಕಿದರು, ನೆಲಕ್ಕೆ ನೀರು ಚಿಮುಕಿಸಿದರು. "ಮೇಲೆ ಬ್ಯಾಗ ಒಣಗೈತೆ, ಒಳಗೆ ಇಂದುಳ್ದೈತೆ. ಮೇಲಿಂದು ಕಾಯ್ಬೇಕು, ಒಳಗಿಂದು ಬರಾಗಂಟ. ಅಷ್ಟೇಯಾ." ಬ್ಯಾರನ್ ತುಂಬ ಹಬೆ. ಕಿಂಡಿಯಲ್ಲಿ ನೋಡಿದರೆ ಮಂಜಿನೊಳಗೆ ಆ ಮುಖ ತೇಲಿ ಬರುತ್ತಿತ್ತು, ಮತ್ತೆ ಮರೆಯಾಗುತ್ತಿತ್ತು. ಎಣ್ಣೆನೀರಿನ ಬಚ್ಚಲಲ್ಲಿ ಕೂತವರನ್ನು ಕಂಡ ಹಾಗೆ. ಗೆಳತಿ ಕಿಂಡಿ ಬಿಟ್ಟು ಏಳಲಿಲ್ಲ. ಬಿರುಕು ಅಷ್ಟಕ್ಕೇ ನಿಂತಿತು.

ಆರು ದಿನದಲ್ಲಿ ಮುಗಿಯಬೇಕಾದದ್ದು ಒಂಬತ್ತು ದಿನ ಹಿಡಿಯಿತು. ಕೊನೆಗೆ ನೂರರವತ್ತರ ಶಾಖದಲ್ಲಿ ಒಂದಿಡೀ ದಿನ ಇಟ್ಟು, ಆರಿಸಿ, ಬಾಗಿಲು ತೆಗೆದರು. ಮೇಷ್ಟ್ರು ನನ್ನನ್ನು ಕರೆದು, "ನೋಡಿ ಮೇಡಂ, ನೀವೇ ನೋಡಿ" ಎಂದರು. ಎಲ್ಲರೆದುರು ಬಗ್ಗಿ ನನ್ನ ಕೆನ್ನೆಯನ್ನು ಆ ಕೆನ್ನೆಗೆ ಇಟ್ಟೆ. ತಣ್ಣಗಿರಲಿಲ್ಲ. ಆದರೂ ಇನ್ನೊಂದು ಕೆನ್ನೆಗೂ, ಹಣೆಗೂ, ತುರುಬಿಗೂ ಇಟ್ಟು ನೋಡಿದೆ. ಯಾರೂ ನಗಲಿಲ್ಲ.

ಗೂಡಿನಲ್ಲಿ ಅದೊಂದನ್ನೇ ಇಟ್ಟೆವು, ಉಳಿದವರ ಕೆಲಸ ಆಮೇಲೆ ಎಂದು ಎಲ್ಲರೂ ಒಪ್ಪಿದರು. ಬೆಳಗಿನ ಜಾವಕ್ಕೆ ಭತ್ತದ ಹೊಟ್ಟಿನ ಕಿಚ್ಚು. ಮೇಲಿನ ಕಂಡಿಗೆ ಭಾವ ಗಳಿಗೆಗೊಮ್ಮೆ ಸ್ಟೀಲ್ ಲೋಟ ಬೋರಲು ಹಿಡಿಯುತ್ತಿದ್ದರು. ಲೋಟ ಮಸುಕಾದರೆ ಇನ್ನೂ ನೀರಿದೆ. ಮಸುಕಾಗುವುದು ನಿಂತಮೇಲೂ ಒಂದು ಗಂಟೆ ಕಾದು, ಮಧ್ಯಾಹ್ನಕ್ಕೆ ಸೌದೆಗೆ ಕೈಹಾಕಿದರು. ಹಿಂದಿನ ವರ್ಷ ಸದ್ದು ಬಂದ ಹೊತ್ತು ಕಳೆಯಿತು. ಗೆಳತಿಯೂ ನಾನೂ ಗೂಡಿನ ಗೋಡೆ ನೋಡುತ್ತಾ ಕೂತಿದ್ದೆವು. ಸಂಜೆಗೆ ಕಂಡಿಯೊಳಗೆ ಎಲ್ಲವೂ ದಾಸವಾಳದ ಕೆಂಪು. ಆ ಕೆಂಪಿನ ನಡುವೆ ಅವಳ ಅವ್ವ ಕಣ್ಣು ಅರೆಮುಚ್ಚಿ ಕೂತಿದ್ದುದು ಕಂಡಿತು. "ಬಿಸಿ ಆಗಾಕಿಲ್ವಾ ಅವ್ವಂಗೆ" ಎಂದಳು ಗೆಳತಿ. ಅಂದು ತಾನೇ ನಕ್ಕಳು, ನಕ್ಕು ಅತ್ತಳು. "ಮೇಡಮ್ಮೋರೆ, ಕೈ ಕೊಡಿ" ಎಂದು ನನ್ನ ಕೈ ಹಿಡಿದುಕೊಂಡಳು.

ಎರಡು ದಿನ ಆರಲು ಬಿಟ್ಟು ತೆಗೆದೆವು. ಇಡಿಯಾಗಿತ್ತು. ಕಿವಿಯ ಹಿಂದಿನ ಗೆರೆ ಹಾಗೇ ಇತ್ತು, ಅಷ್ಟೇ. ಬಣ್ಣ ಹಂಚಿನ ಕೆಂಪು, ಎಡಗೆನ್ನೆಯ ಮೇಲೆ ಹೊಗೆ ತಗುಲಿದ ಕಪ್ಪು.

ಶಿಬಿರದ ಕೊನೆಯ ದಿನ ಚಿಕ್ಕವ್ವ ಬಂದಳು. ದಂಡಿಗನಹಳ್ಳಿಯಿಂದ ಚನ್ನರಾಯಪಟ್ಟಣಕ್ಕೆ, ಅಲ್ಲಿಂದ ಬಸ್ಸು ಬದಲಿಸುತ್ತಾ ಬದಲಿಸುತ್ತಾ ಬಂದ ಎಪ್ಪತ್ತರ ಮುದುಕಿ. ಬಂದವಳ ಬಾಯಿ ಬಸ್ಸಿನ ಕಂಡಕ್ಟರನ್ನು ಬೈಯುವುದರಲ್ಲೇ ಇತ್ತು. ತಲೆಯನ್ನು ಜಗಲಿಯ ಮೇಲೆ ಇಟ್ಟಿದ್ದೆವು. ಎದುರಿಗೆ ನಿಂತಳು. ಗೆಳತಿ ಸೆರಗಿನ ತುದಿ ಸುತ್ತಿಕೊಳ್ಳುತ್ತಾ ಕಂಬಕ್ಕೆ ಒರಗಿ ನಿಂತಳು, ನಾನು ಅವಳ ಹಿಂದೆ.

"ಮೂಗು ಇಷ್ಟ್ ಮೊಂಡ್ಗಿರ್ಲಿಲ್ಲ ಬುಡು" ಎಂದಳು ಚಿಕ್ಕವ್ವ. "ಕಿವಿ ನೋಡು, ಯಾರ್ದೋ ಕಿವಿ. ಕಣ್ಯಾಕೆ ಇಂಗೆ ಮುಚ್ಕಂಡವಳೆ? ನಮ್ಮಕ್ಕ ಇಂಗೆ ಕಣ್ ಮುಚ್ಕಂಡ್ ಕುಂತೋಳೇ ಅಲ್ಲ, ಅವ್ಳಿಗೆಲ್ಲಿತ್ತು ಪುರಸೊತ್ತು. ಚೆಂದಾಗೈತೆ ಕಣ್ ಮಗ, ಬೊಂಬೆ ಚೆಂದಾಗೈತೆ. ಆದ್ರೆ ಅಕ್ಕನ ಮುಖ ಅಲ್ಲ ಇದು."

ಗೆಳತಿ "ಊಂ" ಅಂದಳು. ನನಗೆ ಆ ಮುದುಕಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಷ್ಟು ದೂರ ಬಂದವಳು ಒಂದು ಸುಳ್ಳು ಹೇಳಬಾರದಿತ್ತೇ ಅನಿಸಿತು. ಹಾಗನಿಸಿದ್ದಕ್ಕೆ ನಾಚಿಕೆಯೂ ಆಯಿತು. ಭಾವನ ಮನೆಯವರು ಊಟಕ್ಕೆ ಬಡಿಸಿದರು. ಚಿಕ್ಕವ್ವ ಮುದ್ದೆ ಉಂಡು, ಮಜ್ಜಿಗೆ ಕುಡಿದು, ಎಲೆಯಡಿಕೆ ಹಾಕಿಕೊಂಡು ಎಲ್ಲರ ಮನೆಯ ಸುದ್ದಿ ಮಾತಾಡಿದಳು. ತಲೆಯ ಕಡೆ ಮತ್ತೆ ತಿರುಗಲಿಲ್ಲ. ಮೂರು ಗಂಟೆಯ ಬಸ್ಸಿಗೆ ಹೊರಟಳು.

ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟು ಹುಡುಕಿ ಮೆಟ್ಟಿಕೊಂಡಳು. ಭಾವನಿಗೆ ಬತ್ತೀನಿ ಕಣಪ್ಪ ಅಂದಳು. ನನಗೆ ಬತ್ತೀನಿ ಕಣವ್ವ ಅಂದಳು. ಗೆಳತಿಯ ಗಲ್ಲ ಸವರಿದಳು. ಜಗಲಿ ಇಳಿಯುತ್ತಾ, ದಾರಿಗೆ ಮುಖ ಮಾಡಿಕೊಂಡೇ, ಮಣ್ಣಿನ ತಲೆಯಿದ್ದ ಕಡೆಗೆ ಕತ್ತು ಕೊಂಚ ಹೊರಳಿಸಿ, "ಬತ್ತೀನಿ ಕಣಕ್ಕ, ಒತ್ತಾಯ್ತು" ಅಂದಳು.

ಎರಡು ಹೆಜ್ಜೆ ಹೋದವಳು ಅಂಗಳದ ನಡುವೆ ಹಾಗೇ ನಿಂತುಬಿಟ್ಟಳು.